ನೀರು ಕೇಳಿದರು, ನೀರು ಕೊಟ್ಟೆ

"ಎರಡೂ ಖಾಲಿ ಸೀಸೆ, ಅಷ್ಟೇ," ಎಂದರು ಲಸಿಕೆಯ ಉಗ್ರಾಣದ ಹಿರಿಯರು.

"ಖಾಲಿ ಅನ್ನೋದು ನನಗೂ ಕಾಣುತ್ತೆ ಯಜಮಾನ್ರೇ. ತಳ ನೋಡಿ, ತಳ."

ತನಿಖಾಧಿಕಾರಿ ಎರಡು ಪುಟ್ಟ ಸೀಸೆಗಳನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದಿದ್ದಳು. ಹಿರಿಯರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಒಂದು ಕಣ್ಣು ಮುಚ್ಚಿ, ಮತ್ತೊಂದು ಕಣ್ಣು ಮುಚ್ಚಿ ನೋಡಿದರು.

"ಒಂದರ ತಳದಲ್ಲಿ ಬಿಳೀ ಬಳೆ ಕಟ್ಟಿದೆ. ಇನ್ನೊಂದು ತೊಳೆದಿಟ್ಟ ಹಾಗಿದೆ."

"ಯಾರಾದ್ರೂ ತೊಳೆದ್ರಾ?"

"ಬಳಸಿದ ಸೀಸೆ ತೊಳೆಯೋಕೆ ನಮಗೇನು ಹುಚ್ಚಾ? ಕೇಂದ್ರಗಳಿಂದ ಡಬ್ಬ ಬರುತ್ತೆ, ಸುಡೋ ಕುಲುಮೆಗೆ ಹೋಗುತ್ತೆ. ಕುಲುಮೆ ಕೆಟ್ಟು ಎರಡು ತಿಂಗಳಾಯ್ತು, ಅದಕ್ಕೇ ಇಲ್ಲಿ ಕೂತಿದೆ. ರಿಪೇರಿಗೆ ನಾಲ್ಕು ಸಲ ಬರೆದಿದೀನಿ ಮೇಡಂ. ನೀವಾದ್ರೂ ಒಂದು ಮಾತು ಹೇಳಿ."

ಕೆಟ್ಟ ಕುಲುಮೆಗೆ ಕೈಮುಗಿಯಬೇಕೆನಿಸಿತು ಆಕೆಗೆ. ಈ ಆರು ದಿನಗಳಲ್ಲಿ ಆಕೆಗೆ ಒದಗಿಬಂದ ಏಕೈಕ ಸಹಾಯ ಅದರದೇ ಆಗಿತ್ತು.

ಮೂರೂವರೆ ತಿಂಗಳ ಕೂಸೊಂದು ನಾಯಿಕೆಮ್ಮಿಗೆ ತುತ್ತಾಗಿ ಆಸ್ಪತ್ರೆಯ ಗಾಜಿನ ಕೋಣೆ ಸೇರಿ ಆರು ದಿನಗಳಾಗಿದ್ದವು. ಐದು ರೋಗಗಳನ್ನು ತಡೆಯುವ ಕೂಡುಲಸಿಕೆಯ ಮೊದಲ ಡೋಸನ್ನು ಆರು ವಾರಗಳ ಹಿಂದೆಯಷ್ಟೇ ಹಾಕಿಸಿದ್ದೆವೆಂದು ಮನೆಯವರು ಆಣೆಯಿಟ್ಟು ಹೇಳುತ್ತಿದ್ದರು. ಆ ಐದರಲ್ಲಿ ನಾಯಿಕೆಮ್ಮೂ ಒಂದು. ಊರಿಗೆ ಅಷ್ಟು ಸಾಕಾಯಿತು. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು. ಬೀಳಿಸಿದ್ದು ಕಾಗೆಯೇ ಎಂದು ತೀರ್ಪಾಯಿತು. ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆ ಸೇರಿದರು. ಇಂದು ಸಂಜೆ ಐದು ಗಂಟೆಗೆ ಆರೋಗ್ಯ ಮಂಡಳಿಯ ಸಭೆ. ಕೂಡುಲಸಿಕೆಯನ್ನು ಇಡೀ ಪ್ರಾಂತ್ಯದಲ್ಲಿ ನಿಲ್ಲಿಸುವ ಆಜ್ಞೆ ಟೈಪಾಗಿ, ಸಹಿಯೊಂದನ್ನೇ ಕಾಯುತ್ತ ಕುಳಿತಿತ್ತು. ನಾಯಿಕೆಮ್ಮು ಓಣಿಯಿಂದ ಓಣಿಗೆ ನಡೆಯುತ್ತಿರುವಾಗ ಆ ಸಹಿ ಬಿದ್ದರೆ ಗಾಜಿನ ಕೋಣೆಗಳು ಸಾಲವು.

ಈಗ ಮಧ್ಯಾಹ್ನ ಎರಡು ಗಂಟೆ.

ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಆದರೆ ಕಾಣಿಸುವುದಕ್ಕೆ ಏನಾದರೂ ಕೊಟ್ಟರಲ್ಲವೇ ಭೂತಗನ್ನಡಿ ಕಾಣುವುದು? ಮನೆಯವರು ಹೇಳಿದ ಚುಚ್ಚುಮದ್ದಿನ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳ ಹಾಜರಿ ಪುಸ್ತಕವನ್ನು ನಿರ್ದೇಶಕರು ಮೊದಲ ದಿನವೇ ತರಿಸಿಕೊಂಡು ಬೀರುವಿಗೆ ಬೀಗ ಹಾಕಿದ್ದರು. ಕೇಳಿದರೆ "ಅರ್ಜಿ ಕೊಡಿ". ಅರ್ಜಿ ಕೊಟ್ಟರೆ "ಮೂರು ಪ್ರತಿ". ಮೂರು ಪ್ರತಿ ಕೊಟ್ಟರೆ "ಬೀಗದ ಕೈ ಇಟ್ಟುಕೊಂಡೋರು ರಜೆ". ಕೂಸಿನ ಮನೆಯವರೋ, ಲಸಿಕೆಯ ಕಾರ್ಡನ್ನು ಕೇಳಿದರೆ ಬಾಗಿಲನ್ನೇ ಮುಚ್ಚುತ್ತಿದ್ದರು. ಕಾಗದಗಳು ಕೈಕೊಟ್ಟಾಗ ಉಳಿದದ್ದು ಈ ಕಸದ ಡಬ್ಬ. ಬೆಳಗಿನಿಂದ ಕೈಗವಸು ತೊಟ್ಟು, ಆ ಕೇಂದ್ರದ ಕೂಡುಲಸಿಕೆಯ ಪುಡಿಸೀಸೆಗಳನ್ನೆಲ್ಲ ಒಂದೊಂದಾಗಿ ಬಿಸಿಲಿಗೆ ಹಿಡಿದಿದ್ದಳು. ಬಿಳಿ ಬಳೆಯಿದ್ದವು ಬಹಳ. ಬಳೆಯಿಲ್ಲದವು ಇಪ್ಪತ್ತೊಂಬತ್ತು. ಒಂದು ಕೂಸಿಗೆ ಒಂದು ಸೀಸೆ.

"ಯಜಮಾನ್ರೇ, ಈ ಲಸಿಕೆ ಹೇಗೆ ಬರುತ್ತೆ, ನನಗೆ ಮೊದಲಿಂದ ಹೇಳಿ. ಏನೂ ಗೊತ್ತಿಲ್ಲದೋಳಿಗೆ ಹೇಳೋ ಹಾಗೆ."

"ಗಂಡಹೆಂಡಿರ ಹಾಗೆ ಜೋಡೀಲಿ ಬರುತ್ತೆ." ಹಿರಿಯರಿಗೆ ಹುರುಪು ಬಂತು. "ಒಂದು ಸೀಸೇಲಿ ದ್ರವ, ಹಾಲಿನ ಹಾಗೆ ಬೆಳ್ಳಗೆ, ಅದರಲ್ಲಿ ನಾಲ್ಕು ರೋಗದ ಮದ್ದು. ಇನ್ನೊಂದರಲ್ಲಿ ಪುಡಿ, ಐದನೇದು. ದ್ರವಾನ ಪುಡಿ ಸೀಸೆಗೆ ಹಾಕಿ ಕಲಸಿದ್ರೆ ಐದೂ ಆಯ್ತು."

"ಈ ಇಪ್ಪತ್ತೊಂಬತ್ತರಲ್ಲಿ ಬಿಳುಪೇ ಇಲ್ವಲ್ಲ. ದ್ರವ ಎಲ್ಲಿ ಹೋಯ್ತು?"

ಹಿರಿಯರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಆರು ವಾರದ ಹಿಂದೆ ಹೆಪ್ಪುಗಟ್ಟಿತ್ತು ಮೇಡಂ. ದೊಡ್ಡ ತಂಪುಪೆಟ್ಟಿಗೆಯ ಶೀತ ಹತೋಟಿಯ ಗುಂಡಿ ಕೆಟ್ಟು, ಬೆಳಿಗ್ಗೆ ಬಂದು ನೋಡಿದ್ರೆ ಎಲ್ಲಾ ಮಂಜುಗಡ್ಡೆ. ತಣ್ಣಗಿದ್ದಷ್ಟೂ ಒಳ್ಳೇದು ಅಂತ ಜನ ತಿಳ್ಕೊಂಡಿದಾರೆ. ಇದು ಹೆಪ್ಪುಗಟ್ಟಿದ್ರೆ ಮುಗೀತು, ಸತ್ವ ಹೋಗುತ್ತೆ. ಕರಗಿದ ಮೇಲೆ ಅಲುಗಾಡಿಸಿ ಪಕ್ಕದಲ್ಲಿ ಬೇರೆ ಕೇಂದ್ರದ ಒಳ್ಳೇ ಸೀಸೆ ಇಟ್ಟು ನೋಡಿದೆ. ಒಳ್ಳೇದು ತುಂಬಾ ಹೊತ್ತು ಹಾಲಾಗೇ ನಿಲ್ತು. ಇದು ಚೂರುಚೂರಾಗಿ ತಳಕ್ಕೆ ಕೂತ್ಕೊಂಡು ಬಿಡ್ತು. ಒಂದು ಹನೀನೂ ಆಚೆ ಬಿಡಲಿಲ್ಲ ನಾನು."

"ಸರಿಯಾಗೇ ಮಾಡಿದೀರಿ. ಆಮೇಲೆ?"

"ಮೇಲಿನೋರಿಗೆ ಬರೆದೆ. ಆಜ್ಞೆ ಬಂತು." ಕಡತದಿಂದ ಹಾಳೆಯೊಂದನ್ನು ತೆಗೆದು, ಕೈಯನ್ನು ನೀಳವಾಗಿ ಚಾಚಿ ಓದಿದರು: "'ಹಾಳಾದುದನ್ನು ನಾಶಪಡಿಸತಕ್ಕದ್ದು. ಹಾಳಾಗದುದನ್ನು ಕೇಂದ್ರಕ್ಕೆ ರವಾನಿಸತಕ್ಕದ್ದು.' ಪುಡಿ ಹಾಳಾಗಿರಲಿಲ್ಲ. ರವಾನಿಸಿದೆ."

"ದ್ರವ ಇಲ್ಲದೆ? ಬರೀ ಪುಡಿ?"

"ಆಜ್ಞೇಲಿ ಜೋಡಿಯಾಗಿ ಅಂತ ಇರಲಿಲ್ಲ ಮೇಡಂ."

ಆಕೆ ಸೀಸೆಗಳನ್ನು ಮೇಜಿನ ಮೇಲಿಟ್ಟಳು. ಇಡದಿದ್ದರೆ ಕೈಯಲ್ಲೇ ಒಡೆಯುತ್ತಿದ್ದವು.

"ಎಷ್ಟು ಕೇಂದ್ರಕ್ಕೆ?"

"ಅದೊಂದಕ್ಕೇ. ಉಳಿದೋರ ಹತ್ತಿರ ಹಳೇ ದಾಸ್ತಾನು ಇತ್ತು. ಹೊಸ ದ್ರವ ನಾಲ್ಕನೇ ದಿನ ಬಂತು, ಅದನ್ನೂ ಕಳಿಸಿದೆ. ಆ ಮಧ್ಯದ ಮೂರು ದಿನಕ್ಕೆ ಆ ಕೇಂದ್ರದ ದಾದಿ ಸೂಜಿಯಕ್ಕ ಫೋನ್ ಮಾಡಿದ್ರು. 'ಅಣ್ಣಾ, ಪುಡಿ ಬಂದಿದೆ, ನೀರು ಬಂದಿಲ್ಲ, ನೀರು ಕಳಿಸಿ' ಅಂತ."

"ನೀವೇನು ಕಳಿಸಿದ್ರಿ?"

ಹಿರಿಯರು ಅಚ್ಚರಿಪಟ್ಟರು. ಅವರ ಮುಖದಲ್ಲಿ ಕಳ್ಳತನದ ಲವಲೇಶವೂ ಇರಲಿಲ್ಲ.

"ನೀರು ಕೇಳಿದ್ರು, ನೀರು ಕೊಟ್ಟೆ." ಹಿಂದಿನ ಕಪಾಟಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ ತೆರೆದರು. ಒಳಗೆ ಗಾಜಿನ ಕೊಳವೆಗಳು, ಕೊಳವೆಗಳಲ್ಲಿ ಕಣ್ಣೀರಿನಷ್ಟು ತಿಳಿಯಾದ ನೀರು. "ದಡಾರದ ಲಸಿಕೆಯ ಪುಡಿ ಕಲಸೋ ಶುದ್ಧ ನೀರು. ಮೂವತ್ತು ಕಳಿಸಿದ್ದೆ. ಒಂದು ವಾಪಸ್ ಬಂತು."

ಭೋಜನಕ್ಕೆ ಕುಳಿತವನು 'ಸೈಂಧವ ತಾ' ಎಂದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆ ತರಬೇಕು. ಶಬ್ದ ಒಂದೇ, ಅರ್ಥವನ್ನು ನಿರ್ಣಯಿಸುವುದು ಸಂದರ್ಭ ಎಂದು ಹಿಂದಿನವರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಇಲ್ಲಿ ಊಟದ ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ್ದರು. ತಂದವನು ಪ್ರಾಮಾಣಿಕ, ಕೇಳಿದವಳೂ ಪ್ರಾಮಾಣಿಕಳು. ಕಳ್ಳನನ್ನು ಹಿಡಿಯಬಹುದು. ಒಂದು ಶಬ್ದಕ್ಕೆ ಕೋಳ ತೊಡಿಸುವುದು ಹೇಗೆ?

ಫೋನು ಮೊಳಗಿತು. ನಿರ್ದೇಶಕರು.

"ಏನಮ್ಮಾ, ವರದಿ ಎಲ್ಲಿಗೆ ಬಂತು? ಒಂದೇ ಸಾಲಲ್ಲಿ ಹೇಳು. ಲಸಿಕೆಯ ತಪ್ಪಾ, ಅಲ್ವಾ?"

"ಲಸಿಕೆಯ ತಪ್ಪಲ್ಲ ಸಾರ್. ಲಸಿಕೆ ಹಾಕದೇ ಇದ್ದದ್ದು ತಪ್ಪು. ಇಪ್ಪತ್ತೊಂಬತ್ತು ಕೂಸುಗಳಿಗೆ ಐದರ ಬದಲು ಒಂದೇ ಹೋಗಿದೆ. ನಾಲ್ಕರ ಜಾಗದಲ್ಲಿ ನೀರು."

"ಅಯ್ಯೋ, ಇದು ಇನ್ನೂ ಕೆಟ್ಟದಾಯ್ತಲ್ಲ! ನೀರು ಚುಚ್ಚಿದ್ರು ಅಂದ್ರೆ ಜನ ಸುಮ್ಮನಿರ್ತಾರಾ? ಬಾಯಿಮಾತು ಬೇಡ. ಬರಹದಲ್ಲಿ ಬೇಕು, ಕೇಂದ್ರದೋರ ಸಹಿ ಬೇಕು. ಐದಾದ ಮೇಲೆ ಒಂದು ನಿಮಿಷಾನೂ ನಾನು ಕಾಯೋದಿಲ್ಲ."

"ಆ ಹಾಜರಿ ಪುಸ್ತಕ ಕೊಟ್ಟಿದ್ರೆ ಸಾರ್..."

ಫೋನು ಸತ್ತಿತು.

ಚುಚ್ಚುಮದ್ದಿನ ಕೇಂದ್ರ ಎರಡು ಬೀದಿಯಾಚೆ, ದರ್ಜಿಯ ಅಂಗಡಿ ಮತ್ತು ಗಡಿಯಾರ ರಿಪೇರಿಯ ಗೂಡಿನ ನಡುವೆ. ಬೆಂಚುಗಳು ಖಾಲಿ. ಗೋಡೆಯ ಮೇಲೆ ಎತ್ತರ ಅಳೆಯುವ ಜಿರಾಫೆಯ ಚಿತ್ರ. ಅದರ ಕೆಳಗೆ ಅಳೆಯಿಸಿಕೊಳ್ಳುವವರಿಲ್ಲ. ತೂಕದ ತಟ್ಟೆಯಲ್ಲಿ ಯಾರೋ ಕೊಡೆ ಇಟ್ಟು ಮರೆತಿದ್ದರು.

ಸೂಜಿಯಕ್ಕ ಇಪ್ಪತ್ತೆರಡು ವರ್ಷಗಳಿಂದ ಆ ಕೋಣೆಯ ದಾದಿ. ಗಟ್ಟಿ ಮೈಕಟ್ಟಿನ, ದೊಡ್ಡ ಕಂಠದ ಹೆಂಗಸು. ಆಕೆಯಿಂದ ಚುಚ್ಚಿಸಿಕೊಂಡ ಹೆಣ್ಣುಮಕ್ಕಳು ಈಗ ತಮ್ಮ ಕೂಸುಗಳನ್ನು ತರುತ್ತಿದ್ದರು. ಕಳೆದ ವಾರದವರೆಗೆ.

"ಬನ್ನಿ ಭೂತಗನ್ನಡಿ ಮೇಡಂ. ಕೂತ್ಕೊಳ್ಳೋಕೆ ಜಾಗಕ್ಕೇನೂ ಬರ ಇಲ್ಲ."

"ಅಕ್ಕಾ, ಒಂದೇ ಮಾತು. ನೀವು 'ನೀರು' ಅಂತ ಯಾವುದನ್ನ ಕರೀತೀರಿ?"

"ನೀರಾ? ಪುಡಿಗೆ ಹಾಕೋದನ್ನ. ಇನ್ಯಾವುದನ್ನ?"

"ದಡಾರದ ಪುಡಿಗೆ ಹಾಕೋದನ್ನೂ?"

"ಅದೂ ನೀರೇ. ಕೆಲಸಕ್ಕೆ ಸೇರಿದ ದಿನ ನನ್ನ ಹಿರಿಯಕ್ಕ ಹೇಳಿಕೊಟ್ಟಿದ್ದು: ಒಂದು ಕೈಲಿ ಪುಡಿ, ಒಂದು ಕೈಲಿ ನೀರು. ನಾವೆಲ್ಲ ಹಾಗೇ ಅನ್ನೋದು."

"ಐದರ ಲಸಿಕೆಯ ನೀರು ಯಾವ ಬಣ್ಣ?"

"ಬೆಳ್ಳಗೆ."

"ಉಗ್ರಾಣದೋರು ಪುಡಿಯ ಹಿಂದೆ ಕಳಿಸಿದ ನೀರು ಯಾವ ಬಣ್ಣ ಇತ್ತು?"

ಸೂಜಿಯಕ್ಕ ಮದ್ದಿನ ಖಾಲಿ ತಟ್ಟೆಯ ಕಡೆ ನೋಡಿದಳು.

"ಕೊಳವೇಲಿ ಬಂದಿತ್ತು," ಎಂದಳು, ಕಂಠ ಅರ್ಧಕ್ಕಿಳಿದು. "ಹೊಸ ಪ್ಯಾಕಿಂಗ್ ಅಂದ್ಕೊಂಡೆ. ಕಂಪನಿಯೋರು ತಿಂಗಳಿಗೊಂದು ವೇಷ ಹಾಕ್ತಾರಲ್ಲ."

"ಚೀಟಿ ಓದಲಿಲ್ವಾ?"

"ಓದದೇ ಚುಚ್ಚೋಳು ಅಂದ್ಕೊಂಡ್ರಾ ನನ್ನ?" ಸೂಜಿಯಕ್ಕ ಎದ್ದು ನಿಂತಳು. "ಒಂದೊಂದನ್ನೂ ಓದಿದೆ. ನೀರು ಅಂತಿತ್ತು. ನಾನು ಕೇಳಿದ್ದೂ ನೀರೇ!"

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ನಿಂತವಳು ಗೋಡೆಗೆ ಆತು ಕುಳಿತಳು, ಜಿರಾಫೆಯ ಕಾಲಬುಡದಲ್ಲಿ, ನೆಲದ ಮೇಲೆಯೇ.

"ಎಷ್ಟು ಮಕ್ಕಳು?"

"ಇಪ್ಪತ್ತೊಂಬತ್ತು."

"ಏನಾದ್ರೂ... ಅವಕ್ಕೆ ತೊಂದರೆ?"

"ನೀರಿನಿಂದ ತೊಂದರೆ ಏನಿಲ್ಲ ಅಕ್ಕಾ. ಕೊಡೆಯಿಲ್ಲದೆ ಮಳೆಗೆ ಕಳಿಸಿದ ಹಾಗೆ, ಅಷ್ಟೇ. ಆದರೆ ತಾಯಂದಿರು ಕೊಡೆ ಇದೆ ಅಂದ್ಕೊಂಡಿದಾರೆ. ಇವತ್ತೇ ಕರೆದು ಸರಿಯಾದದ್ದನ್ನ ಹಾಕಬೇಕು. ಐದಕ್ಕೆ ಸಹಿ ಬಿದ್ರೆ ಹಾಕೋಕೆ ಲಸಿಕೆಯೇ ಇರೋದಿಲ್ಲ."

ತನಿಖಾಧಿಕಾರಿ ಚೀಲದಿಂದ ಬಿಳಿಹಾಳೆಯನ್ನೂ ಲೇಖನಿಯನ್ನೂ ತೆಗೆದು ನೆಲದ ಮೇಲೆ ಆಕೆಯ ಮುಂದೆಯೇ ಇಟ್ಟಳು. "ಈಗ ಹೇಳಿದ್ದನ್ನ ಬರೆದುಕೊಡಿ."

"ಬರೆದ್ರೆ ನಾನು ಮುಗಿದೆ."

"ಬರೀದೇ ಇದ್ರೆ?"

"ನನ್ನ ಕೇಳ್ಬೇಡಿ! ಮೂರು ಕೋಣೆಗೆ ಒಬ್ಬಳೇ ಇದೀನಿ, ಇನ್ನೊಬ್ಬರನ್ನ ಕೊಡಿ ಅಂತ ಎರಡು ವರ್ಷದಿಂದ ಕಾಗದ ಬರೀತಾ ಇದೀನಿ. ಆಗ ಯಾರೂ ಓದಲಿಲ್ಲ. ಈಗ ಈ ಒಂದನ್ನ ಎಲ್ಲರೂ ಓದ್ತಾರೆ, ಅಲ್ವಾ?"

ಸುಳ್ಳು ಹೇಳುವವರನ್ನು ಮಣಿಸುವ ವಿದ್ಯೆ ತನಿಖಾಧಿಕಾರಿಗೆ ಕರಗತ. ನಿಜ ಹೇಳಿದವಳನ್ನು ಶಿಕ್ಷೆಯ ಕಡೆಗೆ ಕೈಹಿಡಿದು ನಡೆಸುವ ವಿದ್ಯೆಯನ್ನು ಯಾವ ಗುರುವೂ ಕಲಿಸಿರಲಿಲ್ಲ. ಭಗವಂತ ಒಮ್ಮೊಮ್ಮೆ ನ್ಯಾಯದ ತಕ್ಕಡಿಯನ್ನು ಹೀಗೆ ಎರಡೂ ಕಡೆ ಭಾರವಾಗಿಯೇ ಕೊಡುತ್ತಾನೆ.

"ಆಜ್ಞೆ ಬರೆದೋರ ಹೆಸರೂ ಅದರಲ್ಲಿ ಬರಲಿ," ಎಂದಳು. "ಬರೀ ಪುಡಿ ಕಳಿಸಿ ಅಂದೋರು, ನಿಮ್ಮ ಕಾಗದ ಓದದೇ ಇದ್ದೋರು, ಎಲ್ಲರೂ. ಕೆಳಗೆ ನನ್ನ ಸಹಿಯೂ ಇರುತ್ತೆ."

ಸೂಜಿಯಕ್ಕ ಲೇಖನಿ ಎತ್ತಿಕೊಂಡಳು. ಬರೆದಳು. ಸಾಲಿನ ಕೊನೆಯಲ್ಲಿ ನಿಂತು ಮೂಗು ಒರೆಸಿಕೊಂಡು ಮತ್ತೆ ಬರೆದಳು. ದುಂಡಗಿನ, ಮುತ್ತು ಪೋಣಿಸಿದಂಥ ಅಕ್ಷರ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬಾಗಿಲನ್ನು ಯಾರೋ ಕಾಲಿನಿಂದ ತಳ್ಳಿದರು.

ಬಂದವನು ಕೂಸಿನ ತಂದೆ, ಬಸ್ ಡಿಪೋದ ಮೆಕ್ಯಾನಿಕ್. ಮೊಣಕೈವರೆಗೆ ಕಪ್ಪು ಎಣ್ಣೆ. ಕಣ್ಣುಗಳು ಆರು ದಿನಗಳಿಂದ ಮುಚ್ಚಿದಂತಿರಲಿಲ್ಲ. ಅಂಗಿಯ ಜೇಬಿನಿಂದ ಕಾರ್ಡೊಂದನ್ನು ತೆಗೆದು ಮೇಜಿಗೆ ಎಸೆದ.

"ಕಾರ್ಡು ಕಾರ್ಡು ಅಂತ ಪ್ರಾಣ ತಿಂತಿದ್ರಲ್ಲ, ತಗೊಳ್ಳಿ. ಹದಿನಾಲ್ಕನೇ ತಾರೀಕು, ನೋಡ್ಕೊಳ್ಳಿ. ಐದು ವಿಷಾನ ಒಟ್ಟಿಗೆ ತುರುಕಿದ್ರೆ ಕೈಯಗಲದ ಕೂಸು ತಡೆಯುತ್ತಾ? ನಿಮಗೆ ಮಕ್ಕಳಿಲ್ವಾ?"

"ತಮ್ಮಾ," ಎಂದಳು ಸೂಜಿಯಕ್ಕ ನೆಲದಿಂದಲೇ. "ನಿನ್ನ ಮಗಳು ಬೆರಳು ಚೀಪುವಾಗ ಒಳಗೆ ಹೋಗೋ ಕ್ರಿಮಿ ಐದಲ್ಲ, ಸಾವಿರಗಟ್ಟಲೆ. ಕೂಸಿನ ಮೈ ದಿನಾ ಅದಷ್ಟಕ್ಕೂ ಜವಾಬು ಕೊಡ್ತಾನೇ ಇರುತ್ತೆ. ಐದನ್ನ ಕೂಡಿಸಿದ್ದು ಐದು ಸಲ ಅಳಿಸೋ ಬದಲು ಒಂದೇ ಸಲ ಅಳಿಸೋಕೆ. ಜ್ವರ ಬರುತ್ತೆ, ತೊಡೆ ಊದುತ್ತೆ, ಎರಡು ದಿನಕ್ಕೆ ಇಳಿಯುತ್ತೆ. ನಾಯಿಕೆಮ್ಮು ಅದರಿಂದ ಬರೋದಿಲ್ಲ."

"ಹಾಗಾದ್ರೆ ನಮ್ಮ ಪುಟ್ಟಿಗೆ ಯಾಕೆ ಬಂತು? ಹೇಳಿ! ಕೆಮ್ಮಿ ಕೆಮ್ಮಿ ನೀಲಿಯಾಗ್ತಾಳೆ. ಉಸಿರು ಎಳೆಯೋಕೆ ಮರೀತಾಳೆ. ನಾನು ಗಾಜಿನಾಚೆ ನಿಂತು ಎಣಿಸ್ತೀನಿ. ಒಂದು, ಎರಡು, ಮೂರು... ಯಾಕೆ ಬಂತು?"

ತನಿಖಾಧಿಕಾರಿ ಅವನ ಮುಖವನ್ನು ನೋಡಿ ಹೇಳಿದಳು: "ಕೂತ್ಕೊಳ್ಳಿ ಅಣ್ಣಾ. ಅದನ್ನ ಹೇಳೋಕೇ ಆರು ದಿನದಿಂದ ಓಡಾಡ್ತಾ ಇದೀನಿ. ಮೊದಲ ಡೋಸಿಗೇ ಪೂರ್ತಿ ರಕ್ಷಣೆ ಬರೋದಿಲ್ಲ, ಮೂರು ಆಗಬೇಕು. ಆದರೆ ನಿಮ್ಮ ಪುಟ್ಟಿಗೆ ಆ ಮೊದಲನೇದೂ ಸರಿಯಾಗಿ ಬಿದ್ದಿಲ್ಲ. ಆ ಮೂರು ದಿನ ಇಲ್ಲಿ ಮದ್ದಿನ ಜಾಗದಲ್ಲಿ ನೀರು ಹೋಗಿದೆ. ತಪ್ಪು ನಮ್ಮದು. ಬರಹದಲ್ಲಿದೆ, ನೋಡಿ."

ಅವನ ಕೈ ಮುಷ್ಟಿಯಾಯಿತು. ಆದರೆ ಸೂಜಿಯಕ್ಕ ಅವನನ್ನು ನೋಡುತ್ತಿರಲಿಲ್ಲ. ಮೇಜಿನ ಅಂಚನ್ನು ಹಿಡಿದು ಎದ್ದವಳು ಕಾರ್ಡನ್ನು ತೆಗೆದುಕೊಂಡು ಕಣ್ಣಿನ ಹತ್ತಿರಕ್ಕೆ, ಆಮೇಲೆ ದೂರಕ್ಕೆ ಹಿಡಿದಳು.

"ಮೇಡಂ, ಇದು ನನ್ನ ಅಕ್ಷರ ಅಲ್ಲ."

"ಏನಂದ್ರಿ?"

"ಸಹಿ ನಂದಲ್ಲ. ಮುದ್ರೆಯೂ ನಮ್ಮದಲ್ಲ, ನಮ್ಮದು ದುಂಡಗಿದೆ, ಇದು ಚೌಕ. ಈ ಕೂಸಿನ ಹೆಸರೂ ಈಗಲೇ ನೋಡ್ತಿರೋದು, ಇಲ್ಲೀವರೆಗೆ ಯಾರೂ ನನಗೆ ಹೇಳಿರಲಿಲ್ಲ. ಇವಳು ಈ ಕೋಣೆಗೆ ಬಂದೇ ಇಲ್ಲ."

ತನಿಖಾಧಿಕಾರಿ ಕಾರ್ಡನ್ನು ಈಗಷ್ಟೇ ಬರೆದ ಹೇಳಿಕೆಯ ಪಕ್ಕದಲ್ಲಿಟ್ಟಳು. ಒಂದು ದುಂಡು ಮುತ್ತು. ಇನ್ನೊಂದು ಇರುವೆ ಹರಿದಂಥ ಬರಹ. ಆರು ದಿನಗಳ ಕಾಲ ಕಟ್ಟಿದ ತರ್ಕದ ಗೋಪುರ ಕಣ್ಣೆದುರೇ ಪಕ್ಕಕ್ಕೆ ವಾಲಿತು. ನೀರು ಹೋದದ್ದು ನಿಜ. ಇಪ್ಪತ್ತೊಂಬತ್ತು ಕೂಸುಗಳೂ ನಿಜ. ಆದರೆ ಯಾವ ಕೂಸಿಗಾಗಿ ಇಷ್ಟೆಲ್ಲವೋ, ಆ ಕೂಸು ಇಪ್ಪತ್ತೊಂಬತ್ತರಲ್ಲಿ ಇರಲೇ ಇಲ್ಲ.

"ಸುಳ್ಳು!" ಮೆಕ್ಯಾನಿಕ್ ಕೂಗಿದ. "ತಪ್ಪಿಸ್ಕೊಳ್ಳೋಕೆ ಆಟ ಆಡ್ತೀರಾ? ಚುಚ್ಚಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ತೊಡೆ ಕೆಂಪಗೆ, ನಿಂಬೆಹಣ್ಣಿನಷ್ಟು ಊದಿತ್ತು. ಒಂದು ವಾರ ಇಳೀಲೇ ಇಲ್ಲ. ಒದ್ದೆ ಬಟ್ಟೆ ಇಟ್ಟೋನು ನಾನೇ!"

"ಒಂದು ವಾರ?" ಸೂಜಿಯಕ್ಕ ತನಿಖಾಧಿಕಾರಿಯ ಕಡೆ ತಿರುಗಿದಳು. "ಲಸಿಕೆಯ ಊತ ಅಷ್ಟು ದಿನ ಇರೋದಿಲ್ಲ ಮೇಡಂ, ಯಾರೋ ಇನ್ನೇನನ್ನೋ ಚುಚ್ಚಿದಾರೆ." ಆಕೆಯ ಮುಖದಲ್ಲಿ ತನ್ನ ಚಿಂತೆ ಅಳಿಸಿಹೋಗಿ ಬೇರೊಂದು ಭಯ ಮೂಡಿತ್ತು.

"ಅಣ್ಣಾ, ನೀವು ನೋಡಿದ್ದು ಊತ. ಚುಚ್ಚೋದನ್ನ ನೋಡಿದ್ರಾ?" ತನಿಖಾಧಿಕಾರಿ ಕೇಳಿದಳು.

"ನಾನು ಡ್ಯೂಟೀಲಿದ್ದೆ. ಹೆಂಡತಿಗೆ ಹಾಸಿಗೆಯಿಂದ ಏಳೋಕೆ ಆಗ್ತಿರಲಿಲ್ಲ. ನಮ್ಮಕ್ಕ ಎತ್ತಿಕೊಂಡು ಹೋಗಿ ಹಾಕಿಸಿಕೊಂಡು ಬಂದ್ಳು. ಕಾರ್ಡೂ ಅವಳ ಹತ್ತಿರಾನೇ ಇತ್ತು."

"ನಿಮ್ಮಕ್ಕ ಈಗೆಲ್ಲಿ?"

"ಆಸ್ಪತ್ರೇಲಿ, ಪುಟ್ಟಿ ಹತ್ತಿರ. ಆರು ದಿನದಿಂದ ಬೇರೆ ಯಾರನ್ನೂ ಒಳಗೆ ಬಿಟ್ಟಿಲ್ಲ. ಇವತ್ತು ಅವಳೇ ಕಾರ್ಡು ಕೊಟ್ಟು ಕಳಿಸಿದ್ದು. 'ನೀನು ಹೋಗಿ ಅವರ ಮುಖಕ್ಕೆ ಎಸೆದು ಬಾ, ಅಷ್ಟರಲ್ಲಿ ನಾನು...'"

ಅವನ ಎಣ್ಣೆ ಮೆತ್ತಿದ ಕೈ ಮೆಲ್ಲಗೆ ಬಾಯಿಗೆ ಹೋಯಿತು.

"ಅಷ್ಟರಲ್ಲಿ ಏನು?"

"'ಇಲ್ಲಿ ಬೇಡ, ಪುಟ್ಟೀನ ಬೇರೆ ಕಡೆ ಕರ್ಕೊಂಡು ಹೋಗಿರ್ತೀನಿ' ಅಂದ್ಳು."

"ಆಮ್ಲಜನಕದ ಕೊಳವೆ ಕಿತ್ತು? ಎಲ್ಲಿಗೆ?"

"ಅವತ್ತು ಚುಚ್ಚಿದೋರ ಹತ್ತಿರಾನೇ ಇರ್ಬೇಕು, ಈ ಚೌಕ ಮುದ್ರೆಯೋರ ಹತ್ತಿರ," ಎಂದ ಅವನು.